ಜಪಕ್ಕೆ ಕೂತಾಗ ಮನಸ್ಸು ಓಡಿದರೆ

ನಿತ್ಯ ಜಪಕ್ಕೆ ಕೂರುವವರನ್ನು ಮೊದಲು ಕಾಡುವ ತೊಂದರೆ ಒಂದೇ. ಮಾಲೆಯ ಹತ್ತನೆಯ ಮಣಿ ದಾಟುವಷ್ಟರಲ್ಲಿ ಮನಸ್ಸು ಗ್ಯಾಸ್ ಸಿಲಿಂಡರು, ಮಗಳ ಶಾಲೆಯ ಫೀಸು, ನಿನ್ನೆ ಆಫೀಸಿನಲ್ಲಿ ಯಾರೋ ಆಡಿದ ಮಾತು ಎಲ್ಲವನ್ನೂ ಸುತ್ತಿ ಬಂದಿರುತ್ತದೆ. ನಾಲಿಗೆ ನಾಮ ಹೇಳುತ್ತಲೇ ಇರುತ್ತದೆ, ಬೆರಳು ಮಣಿ ಸರಿಸುತ್ತಲೇ ಇರುತ್ತದೆ, ಗಮನ ಮಾತ್ರ ಎಲ್ಲೋ. ಕೆಲವು ವಾರ ಹೀಗೇ ನಡೆದ ಮೇಲೆ ‘ಇದು ನಮ್ಮಂಥವರಿಗಲ್ಲ’ ಎಂಬ ತೀರ್ಮಾನವಾಗಿ ಮಾಲೆ ದೇವರ ಗೂಡಿನ ಮೂಲೆ ಸೇರುತ್ತದೆ. ಆದರೆ ಮನಸ್ಸು ಅಲೆಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಜಪದ ವಿಧಾನ ರೂಪುಗೊಂಡಿದೆ. ಯಾವ ಅಂಗಕ್ಕೆ ಯಾವ ಕೆಲಸ, ಯಾಕೆ ಎಂಬುದು ತಿಳಿದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ.

ಒಂದು ಮಂತ್ರವನ್ನೋ ಹೆಸರನ್ನೋ ಮತ್ತೆ ಮತ್ತೆ ಹೇಳಿಕೊಳ್ಳುವ ಸಾಧನೆ ಯಾವುದೇ ಒಂದು ಮತದ ಸ್ವತ್ತಲ್ಲ. ಕರ್ನಾಟಕದಲ್ಲೇ ಹರಿದಾಸರ ನಾಮಸ್ಮರಣೆ ಇದೆ, ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಮೊಳಗುವ ‘ಓಂ ನಮಃ ಶಿವಾಯ’ ಇದೆ, ಜೈನರ ಣಮೋಕಾರ ಮಂತ್ರ ಇದೆ. ಬೈಲಕುಪ್ಪೆಯ ಟಿಬೆಟನ್ ವಸತಿಗಳಲ್ಲಿ ಹಿರಿಯರು ಮಾಲೆ ತಿರುಗಿಸುತ್ತ ‘ಓಂ ಮಣಿ ಪದ್ಮೇ ಹೂಂ’ ಹೇಳಿಕೊಳ್ಳುತ್ತಾರೆ. ಕ್ರೈಸ್ತರಿಗೆ ಜಪಸರ, ಮುಸ್ಲಿಮರಿಗೆ ತಸ್ಬೀಹ್. ಭಗವದ್ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಯಜ್ಞಗಳಲ್ಲಿ ತಾನು ಜಪಯಜ್ಞ ಎಂದು ಕೃಷ್ಣ ಹೇಳುತ್ತಾನೆ. ಪತಂಜಲಿಯ ಯೋಗಸೂತ್ರ ಪ್ರಣವದ, ಅಂದರೆ ಓಂಕಾರದ, ಜಪವನ್ನು ಹೇಳುವಾಗ ಅದರ ಅರ್ಥದ ಭಾವನೆಯನ್ನೂ ಜೊತೆಗೆ ಸೇರಿಸುತ್ತದೆ. ಆ ಜೋಡಣೆ ಸುಮ್ಮನೆ ಬಂದದ್ದಲ್ಲ. ಅದರ ಕಾರಣ ಮುಂದೆ ಬರುತ್ತದೆ.

ಸಂಪ್ರದಾಯ ಜಪವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಬೇರೆಯವರಿಗೂ ಕೇಳುವಂತೆ ಹೇಳುವುದು ವಾಚಿಕ. ತುಟಿ, ನಾಲಿಗೆ ಆಡಿದರೂ ಪಕ್ಕದವರಿಗೆ ಕೇಳದಂತೆ ಹೇಳುವುದು ಉಪಾಂಶು. ತುಟಿಯೂ ಆಡದಂತೆ ಒಳಗೇ ನಡೆಯುವುದು ಮಾನಸ. ಮಾನಸವೇ ಶ್ರೇಷ್ಠವೆಂದು ಶಾಸ್ತ್ರ ಹೇಳುತ್ತದೆ. ಅದನ್ನೇ ಹಿಡಿದು ಹೊಸಬರು ಮೊದಲ ದಿನವೇ ಮಾನಸಕ್ಕೆ ಕೈಹಾಕಿ ಸೋಲುವುದುಂಟು.

ಜಪ ಮನಸ್ಸನ್ನು ನಿಲ್ಲಿಸುವುದು ಹೇಗೆ

ಮನಸ್ಸಿನ ಗದ್ದಲದಲ್ಲಿ ದೊಡ್ಡ ಪಾಲು ಮಾತಿನದು. ಆಡಬೇಕಿದ್ದ ಮಾತು, ಆಡಬಾರದಿತ್ತು ಅನ್ನಿಸಿದ ಮಾತು, ನಾಳೆ ಆಡಬೇಕಾದ ಮಾತು ಒಳಗೇ ಸದ್ದಿಲ್ಲದೆ ನಡೆಯುತ್ತಿರುತ್ತವೆ. ಬ್ರಿಟನ್ನಿನ ಮನೋವಿಜ್ಞಾನಿಗಳಾದ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಮುಂದಿಟ್ಟ ಕಾರ್ಯಸ್ಮೃತಿಯ ಮಾದರಿಯ ಪ್ರಕಾರ, ಮಾತನ್ನು ಒಳಗೆ ಹಿಡಿದಿಟ್ಟು ಸುತ್ತಿಸುವ ವ್ಯವಸ್ಥೆಗೆ ಸ್ಥಳ ಬಹಳ ಕಡಿಮೆ. ಪ್ರಯೋಗದಲ್ಲಿ ಭಾಗವಹಿಸಿದವರಿಗೆ ಒಂದೇ ಪದವನ್ನು ಬಿಡದೆ ಉಚ್ಚರಿಸಲು ಹೇಳಿದಾಗ, ಅದೇ ಹೊತ್ತಿನಲ್ಲಿ ಬೇರೆ ಪದಗಳನ್ನು ನೆನಪಿಟ್ಟುಕೊಳ್ಳುವುದು ಅವರಿಗೆ ಕಷ್ಟವಾಗುತ್ತದೆ. ನಾಲಿಗೆಯ ದಾರಿ ಒಂದು ಪದದಿಂದ ತುಂಬಿಹೋದರೆ ಇನ್ನೊಂದು ಮಾತಿಗೆ ಅಲ್ಲಿ ಜಾಗ ಸಾಲದು. ಮಂತ್ರ ಮಾಡುವುದೂ ಇದನ್ನೇ ಎಂದು ಊಹಿಸಬಹುದು: ಒಳಮಾತು ಓಡಾಡುವ ದಾರಿಯಲ್ಲೇ ಅದು ಕೂತುಬಿಡುತ್ತದೆ. ಯೋಚನೆಯನ್ನು ಬಲವಂತದಿಂದ ತಡೆಯಲು ಹೋದರೆ ಅದು ಹೆಚ್ಚುತ್ತದೆ. ಅದರ ಜಾಗವನ್ನು ಬೇರೆಯದಕ್ಕೆ ಕೊಟ್ಟರೆ ತಾನಾಗಿ ತಗ್ಗುತ್ತದೆ.

ಎರಡನೆಯ ಕಾರಣ ಉಸಿರು. ಇಟಲಿಯ ವೈದ್ಯ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರ ಅಧ್ಯಯನವೊಂದು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಆರೋಗ್ಯವಂತರಾದ 23 ಮಂದಿ ಲ್ಯಾಟಿನ್ ಭಾಷೆಯ ಜಪಸರ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹೂಂ’ ಮಂತ್ರವನ್ನೂ ಹೇಳುವಾಗ ಅವರ ಉಸಿರಾಟದ ಗತಿ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದದ್ದು ಕಂಡುಬಂತು. ಆ ಲಯದಲ್ಲಿ ರಕ್ತದೊತ್ತಡದ ಏರಿಳಿತಕ್ಕೆ ಹೃದಯ ಸ್ಪಂದಿಸುವ ಚುರುಕು ಹೆಚ್ಚಿತ್ತು. ಸಣ್ಣ ಅಧ್ಯಯನ ಇದು, ಇದರಿಂದ ರೋಗ ವಾಸಿಯಾಗುತ್ತದೆ ಎಂದು ಹೇಳಲು ಬರುವುದಿಲ್ಲ. ಎರಡು ದೂರದ ಸಂಪ್ರದಾಯಗಳ ಪಠಣ ಒಂದೇ ಉಸಿರಿನ ಲಯಕ್ಕೆ ಬಂದು ನಿಂತದ್ದು ಮಾತ್ರ ಕುತೂಹಲದ ಸಂಗತಿ. ಸಾಧಕರಿಗೆ ಇದರಿಂದ ಸಿಗುವ ಸೂಚನೆ ಸರಳ: ಅವಸರದ ಜಪದಲ್ಲಿ ಈ ಲಾಭ ಇಲ್ಲ.

ಮೂರನೆಯದು ಬೆರಳು. ಗಮನ ತಪ್ಪಿ ಜಪ ನಿಂತಾಗ ಮಣಿಯೂ ನಿಲ್ಲುತ್ತದೆ. ತಪ್ಪಿದ್ದು ಗೊತ್ತಾಗುವುದು ಅದರಿಂದಲೇ. ಲೆಕ್ಕವಿಡುವುದು ಮಾಲೆಯ ಎರಡನೆಯ ಉಪಯೋಗ, ಮೊದಲನೆಯದು ಎಚ್ಚರಿಸುವುದು.

ಇನ್ನು ಅಲೆದಾಟದ ವಿಷಯ. ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,250 ವಯಸ್ಕರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಫೋನಿನ ಮೂಲಕ ಪ್ರಶ್ನಿಸಲಾಗಿತ್ತು. ಕೇಳಿದ ಹೊತ್ತುಗಳಲ್ಲಿ ಶೇ 47ರಷ್ಟು ಸಲ ಅವರ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಎಚ್ಚರದ ಹೊತ್ತಿನ ಹೆಚ್ಚುಕಡಿಮೆ ಅರ್ಧ ಭಾಗ ಬೇರೆಲ್ಲೋ ಇರುವ ಮನಸ್ಸು ಜಪದ ಹತ್ತು ನಿಮಿಷ ಮಾತ್ರ ಕದಲದೆ ಕೂರಬೇಕೆಂದು ಬಯಸುವುದು ಅತಿಯಾಸೆ. ಓಡಿದ್ದು ತಿಳಿದ ಕ್ಷಣ ಮಂತ್ರಕ್ಕೆ ಮರಳುವುದೇ ಇಲ್ಲಿ ಅಭ್ಯಾಸ. ನೂರ ಎಂಟರಲ್ಲಿ ನಲವತ್ತು ಸಲ ಓಡಿ ನಲವತ್ತು ಸಲ ಮರಳಿದವರು ನಲವತ್ತು ಸಲ ವ್ಯಾಯಾಮ ಮಾಡಿದಂತೆ.

ಆರಂಭಕ್ಕೆ ಮುನ್ನ

ಮಂತ್ರ. ದೀಕ್ಷೆಯಿಂದ ಬಂದ ಮಂತ್ರವಿದ್ದರೆ ಬೇರೆಯದನ್ನು ಹುಡುಕುವ ಅಗತ್ಯವಿಲ್ಲ. ಉಪನಯನವಾದವರಿಗೆ ಗಾಯತ್ರಿ ಇದೆ, ಲಿಂಗದೀಕ್ಷೆಯಾದವರಿಗೆ ಷಡಕ್ಷರಿ, ಅಂದರೆ ‘ಓಂ ನಮಃ ಶಿವಾಯ’, ಇದೆ. ದೀಕ್ಷೆ ಇಲ್ಲದವರಿಗೆ ಮನೆಯಲ್ಲಿ ಚಿಕ್ಕಂದಿನಿಂದ ಕೇಳಿದ ನಾಮ ಅತ್ಯುತ್ತಮ: ರಾಮ, ನಾರಾಯಣ, ಶಿವ, ಅಮ್ಮನವರ ಹೆಸರು, ಯಾವುದಾದರೂ. ಹೊಸಬರಿಗೆ ಚಿಕ್ಕದೇ ಲೇಸು, ಯಾಕೆಂದರೆ ಒಂದು ನಿಶ್ವಾಸದೊಳಗೆ ಅದು ಮುಗಿಯುತ್ತದೆ. ಬೀಜಾಕ್ಷರಗಳಿರುವ ತಾಂತ್ರಿಕ ಮಂತ್ರಗಳನ್ನು ಪುಸ್ತಕದಿಂದಲೋ ವಿಡಿಯೋದಿಂದಲೋ ಎತ್ತಿಕೊಳ್ಳುವುದನ್ನು ಸಂಪ್ರದಾಯ ಒಪ್ಪುವುದಿಲ್ಲ. ಅವುಗಳಿಗೆ ಗುರುಮುಖ ಬೇಕು. ನಂಬಿಕೆಯ ವಿಷಯ ಬದಿಗಿಟ್ಟರೂ, ಉಚ್ಚಾರದ ಬಗ್ಗೆ ಅನುಮಾನವಿದ್ದರೆ ಮನಸ್ಸು ಅನುಮಾನದಲ್ಲೇ ಉಳಿಯುತ್ತದೆ.

ಅವಧಿ. ‘ಓಂ ನಮಃ ಶಿವಾಯ’ ನಿಧಾನವಾಗಿ ಒಂದು ಮಾಲೆಗೆ ಐದಾರು ನಿಮಿಷ ಹಿಡಿಯುತ್ತದೆ. ಸಮರ್ಥ ರಾಮದಾಸರ ಪರಂಪರೆಯ ತ್ರಯೋದಶಾಕ್ಷರಿ ರಾಮಮಂತ್ರಕ್ಕೆ ಏಳೆಂಟು ನಿಮಿಷ, ಗಾಯತ್ರಿಗೆ ಹದಿನೈದರಿಂದ ಇಪ್ಪತ್ತು. ಇಸ್ಕಾನ್ ದೀಕ್ಷಿತರ ನಿಯಮ ದಿನಕ್ಕೆ 16 ಮಾಲೆ, ಅಂದರೆ 1,728 ಸಲ ‘ಹರೇ ಕೃಷ್ಣ’ ಮಹಾಮಂತ್ರ. ಅದಕ್ಕೆ ಎರಡು ಗಂಟೆಯ ಆಸುಪಾಸು ಬೇಕು. ಕೆಲಸಕ್ಕೆ ಹೋಗುವವರು ಅದನ್ನು ನೋಡಿ ಎಂಟು ಮಾಲೆಯಿಂದ ಆರಂಭಿಸುವುದಕ್ಕಿಂತ ಒಂದರಿಂದ ಆರಂಭಿಸುವುದು ಮೇಲು.

ಹೊತ್ತು. ಸೂರ್ಯೋದಯಕ್ಕೆ 96 ನಿಮಿಷ ಮೊದಲು ಆರಂಭವಾಗಿ 48 ನಿಮಿಷ ಮೊದಲು ಮುಗಿಯುವ ಬ್ರಾಹ್ಮೀ ಮುಹೂರ್ತವನ್ನು ಶಾಸ್ತ್ರ ಹೊಗಳುತ್ತದೆ. ಮನೆ ಎದ್ದಿರುವುದಿಲ್ಲ, ಫೋನ್ ಬರುವುದಿಲ್ಲ, ಹೊಟ್ಟೆ ಹಗುರ. ಆದರೆ ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಮನೆಗೆ ಬರುವವರು ಆ ಹೊತ್ತಿಗೆ ಕೂತರೆ ತೂಕಡಿಕೆಯೇ ಜಪ. ದಿನದಲ್ಲಿ ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸದ ಬೆನ್ನಿಗೆ ಜಪವನ್ನು ಕಟ್ಟುವುದು ಗಡಿಯಾರ ನೋಡಿ ಕೂರುವುದಕ್ಕಿಂತ ಗಟ್ಟಿ: ಸ್ನಾನವಾದ ಕೂಡಲೇ, ದೇವರಿಗೆ ದೀಪ ಹಚ್ಚಿದ ಕೂಡಲೇ, ರಾತ್ರಿ ಅಡುಗೆಮನೆ ಒರೆಸಿ ದೀಪ ಆರಿಸಿದ ಕೂಡಲೇ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ಹೊಸ ರೂಢಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ನಿತ್ಯದ ಒಂದು ಸಂದರ್ಭಕ್ಕೆ ಕಟ್ಟಿದ ಕೆಲಸ ರೂಢಿಯಾಗಲು ನಡುಮಟ್ಟದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನವಾಗುವ ಅಂದಾಜು ಬಂತು. ನಮ್ಮಲ್ಲಿ ಹೇಳುವ ಒಂದು ಮಂಡಲ, ಅಂದರೆ 48 ದಿನ, ಈ ಲೆಕ್ಕದಿಂದ ಬಹಳ ದೂರವೇನೂ ಇಲ್ಲ. ಮಂಡಲ ಮುಗಿಯುವವರೆಗೆ ಮಂತ್ರ, ಹೊತ್ತು, ಜಾಗ ಯಾವುದನ್ನೂ ಬದಲಿಸದಿದ್ದರೆ ಒಳ್ಳೆಯದು.

ಮಾಲೆ. ವೈಷ್ಣವರಲ್ಲಿ ತುಲಸಿ, ಶೈವರಲ್ಲಿ ರುದ್ರಾಕ್ಷಿ ರೂಢಿ. ಸ್ಫಟಿಕ, ಶ್ರೀಗಂಧ, ತಾವರೆ ಬೀಜದ ಮಾಲೆಗಳೂ ಇವೆ. ಮಣಿಗಳು 108, ಜೊತೆಗೆ ಬೇರೆಯಾಗಿ ಎದ್ದು ಕಾಣುವ ಮೇರು ಮಣಿ ಒಂದು. 108ಕ್ಕೆ ಪ್ರತಿ ಸಂಪ್ರದಾಯವೂ ತನ್ನದೇ ವಿವರಣೆ ಕೊಡುತ್ತದೆ. ಜೈನರ ಲೆಕ್ಕ ಇವುಗಳಲ್ಲಿ ಅಚ್ಚುಕಟ್ಟು: ಕೃತ್ಯವೊಂದರ ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು ಹಂತ, ಮನಸ್ಸು, ಮಾತು, ದೇಹ ಎಂಬ ಮೂರು ದಾರಿ, ತಾನು ಮಾಡುವುದು, ಮಾಡಿಸುವುದು, ಒಪ್ಪುವುದು ಎಂಬ ಮೂರು ಬಗೆ, ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯ. ಗುಣಿಸಿದರೆ 108. ಕೊಳ್ಳುವಾಗ ನೋಡಬೇಕಾದದ್ದು ಬೆಲೆಯನ್ನಲ್ಲ. ಮಣಿಮಣಿಯ ನಡುವೆ ಗಂಟು ಇರಬೇಕು, ಹೆಬ್ಬೆರಳಿಗೆ ಪ್ರತಿ ಮಣಿಯೂ ಬಿಡಿಯಾಗಿ ಸಿಗಬೇಕು, ಮೇರು ಕಣ್ಣುಮುಚ್ಚಿದರೂ ತಿಳಿಯಬೇಕು. ರುದ್ರಾಕ್ಷಿ ನೀರಿನಲ್ಲಿ ಮುಳುಗಿದರೆ ಅಸಲಿ ಎಂಬ ಪರೀಕ್ಷೆಯನ್ನು ನಂಬಬೇಕಾಗಿಲ್ಲ. ಚೆನ್ನಾಗಿ ಒಣಗಿದ ಅಸಲಿ ತೇಲಬಹುದು, ಒಳಗೆ ಭಾರ ತುಂಬಿದ ನಕಲಿ ಮುಳುಗಬಹುದು.

ಒಂದು ಮಾಲೆಯ ಕ್ರಮ

1. ಫೋನನ್ನು ಬೇರೆ ಕೋಣೆಯಲ್ಲಿ ಇಡಬೇಕು. ಮಗ್ಗುಲಲ್ಲಿ ಮಗುಚಿ ಇಟ್ಟ ಫೋನ್ ಸುಮ್ಮನಿದ್ದರೂ ಕಿವಿ ಅದರ ಕಡೆಗೇ ಇರುತ್ತದೆ.

2. ಚಾಪೆ ಅಥವಾ ಆಸನದ ಮೇಲೆ ಸುಖಾಸನದಲ್ಲಿ ಕೂರಬೇಕು. ಮಂಡಿನೋವಿದ್ದರೆ ಕುರ್ಚಿ ಸಾಕು, ಪಾದ ನೆಲಕ್ಕೆ ತಾಗಿರಲಿ. ಬೆನ್ನು ನೇರವಾಗಿದ್ದು ಹೆಗಲು ಸಡಿಲವಾಗಿರಬೇಕು. ಪದ್ಮಾಸನ ಹಾಕಿ ನೋವು ತಿನ್ನುತ್ತ ಕೂತರೆ ಜಪ ನೋವಿನದ್ದಾಗುತ್ತದೆ.

3. ಮೊದಲು ಐದು ನಿಧಾನ ಉಸಿರು. ಒಳಗೆಳೆದುಕೊಳ್ಳುವುದಕ್ಕಿಂತ ಬಿಡುವುದು ತುಸು ದೀರ್ಘವಾಗಿರಲಿ. ಹಿಡಿದಿಡುವುದು ಬೇಡ.

4. ಸಂಕಲ್ಪವೆಂದರೆ ದೊಡ್ಡ ವಾಕ್ಯವಾಗಬೇಕಿಲ್ಲ. ‘ಈಗ ಒಂದು ಮಾಲೆ’ ಎಂದು ಮನಸ್ಸಿನಲ್ಲಿ ಅಂದುಕೊಂಡರೆ ಸಾಕು. ಎಲ್ಲಿ ಮುಗಿಯುತ್ತದೆ ಎಂಬುದು ಮನಸ್ಸಿಗೆ ಗೊತ್ತಿದ್ದರೆ ಅದು ನಡುವೆ ಏಳುವುದು ಕಡಿಮೆ.

5. ಮಾಲೆ ಬಲಗೈಯ ಮಧ್ಯದ ಬೆರಳಿನ ಮೇಲಿರುತ್ತದೆ, ಹೆಬ್ಬೆರಳು ಮಣಿಯನ್ನು ತನ್ನ ಕಡೆಗೆ ಎಳೆಯುತ್ತದೆ. ತೋರುಬೆರಳು ತಾಗಬಾರದು ಎಂಬುದು ಸಾಮಾನ್ಯ ನಿಯಮ. ಒಂದು ಮಂತ್ರ ಪೂರ್ತಿ ಮುಗಿದ ಮೇಲೆಯೇ ಒಂದು ಮಣಿ. ಮಣಿ ಮೊದಲು ಓಡಿ ಮಂತ್ರ ಹಿಂದೆ ಬೀಳಬಾರದು. ಕೈಯನ್ನು ಗೋಮುಖಿ ಚೀಲದೊಳಗೆ ಇಟ್ಟುಕೊಂಡರೆ ಮಾಲೆ ನೆಲಕ್ಕೆ ತಾಗುವುದಿಲ್ಲ, ಎಷ್ಟಾಯಿತು ಎಂದು ಕಣ್ಣು ಅತ್ತ ಹೋಗುವುದೂ ಇಲ್ಲ.

6. ಮೊದಲ ಕಾಲು ಭಾಗ, ಸುಮಾರು 27 ಮಣಿ, ತನಗೆ ಚೆನ್ನಾಗಿ ಕೇಳುವಂತೆ ವಾಚಿಕವಾಗಿ. ನಡುವಿನ 54 ಉಪಾಂಶು. ಮನಸ್ಸು ನೆಲೆ ನಿಂತಿದ್ದರೆ ಕೊನೆಯ 27 ಮಾನಸ. ನಿಲ್ಲದ ದಿನ ಕೊನೆಯವರೆಗೂ ಉಪಾಂಶುವೇ ಇರಲಿ. ಇದು ಶಾಸ್ತ್ರದ ವಿಧಿಯಲ್ಲ, ಹೊಸಬರಿಗೆ ಅನುಕೂಲದ ಹಂಚಿಕೆ.

7. ಮೇರುವನ್ನು ದಾಟುವುದಿಲ್ಲ. ಎರಡನೆಯ ಮಾಲೆ ಮಾಡುವುದಿದ್ದರೆ ಅಲ್ಲಿಂದಲೇ ತಿರುಗಿಸಿ ಹಿಂದಕ್ಕೆ ಎಣಿಸಬೇಕು. ಆ ತಿರುವಿನಲ್ಲಿ ಒಂದೆರಡು ಉಸಿರಿನ ಬಿಡುವು ಸಿಗುತ್ತದೆ. ಎಲ್ಲಿದ್ದೇವೆ ಎಂದು ನೋಡಿಕೊಳ್ಳಲು ಅದು ಒಳ್ಳೆಯ ತಾಣ.

8. ಮುಗಿದ ಕೂಡಲೇ ಎದ್ದು ಓಡಬಾರದು. ಒಂದೆರಡು ನಿಮಿಷ ಸುಮ್ಮನೆ ಕೂರಬೇಕು. ಜಪ ನಿಂತ ಮೇಲಿನ ಆ ಮೌನಕ್ಕೆ ಜಪದಷ್ಟೇ ಬೆಲೆ ಇದೆ, ಬಹುಮಂದಿ ಕಳೆದುಕೊಳ್ಳುವುದೂ ಅದನ್ನೇ.

ಮಾಲೆ ಕೈಯಲ್ಲಿಲ್ಲದಾಗ

ಬಸ್ಸಿನಲ್ಲೋ ಆಸ್ಪತ್ರೆಯ ಬೆಂಚಿನ ಮೇಲೋ ಮಾಲೆ ತೆಗೆಯಲು ಸಂಕೋಚವಾಗುವವರಿಗೆ ಕರಮಾಲೆ ಇದೆ. ಬಲಗೈಯ ಬೆರಳುಗಳ ಪರ್ವಗಳನ್ನು, ಅಂದರೆ ಗೆರೆಗಳ ನಡುವಿನ ಭಾಗಗಳನ್ನು, ಹೆಬ್ಬೆರಳ ತುದಿಯಿಂದ ಮುಟ್ಟುತ್ತ ಹೋಗುವುದು. ಉಂಗುರ ಬೆರಳಿನ ನಡುವಿನ ಪರ್ವ ಒಂದು, ಅದರ ಬುಡ ಎರಡು. ಅಲ್ಲಿಂದ ಕಿರುಬೆರಳಿನ ಬುಡ ಮೂರು, ನಡು ನಾಲ್ಕು, ತುದಿ ಐದು. ಉಂಗುರ ಬೆರಳಿನ ತುದಿ ಆರು, ಮಧ್ಯದ ಬೆರಳಿನ ತುದಿ ಏಳು, ತೋರುಬೆರಳಿನ ತುದಿ ಎಂಟು, ನಡು ಒಂಬತ್ತು, ಬುಡ ಹತ್ತು. ಮಧ್ಯದ ಬೆರಳಿನ ನಡು ಮತ್ತು ಬುಡ ಮೇರುವಿನ ಸ್ಥಾನ, ಅವನ್ನು ಮುಟ್ಟುವುದಿಲ್ಲ. ಒಂದೊಂದು ಹತ್ತಕ್ಕೂ ಎಡಗೈಯಲ್ಲಿ ಒಂದು ಪರ್ವ ಸರಿಸಿದರೆ ನೂರರವರೆಗೆ ಲೆಕ್ಕ ತಪ್ಪುವುದಿಲ್ಲ. ದೇವಿಯ ಉಪಾಸನೆಯಲ್ಲಿ ಕ್ರಮ ಬೇರೆಯಾಗುವುದುಂಟು, ಅಂಥವರು ತಮ್ಮ ಹಿರಿಯರನ್ನು ಕೇಳಿಕೊಳ್ಳಬೇಕು. ಮೊದಲ ವಾರ ಇದು ಗಣಿತದಂತೆ ಕಾಡುತ್ತದೆ, ಆಮೇಲೆ ಕೈಗೆ ಒಗ್ಗುತ್ತದೆ.

ಬೆರಳಿಗೆ ಉಂಗುರದಂತೆ ಹಾಕುವ ಎಣಿಕೆ ಯಂತ್ರದಿಂದ ತೊಂದರೆಯಿಲ್ಲ. ಫೋನಿನ ಜಪ ಆ್ಯಪ್ ಬೇರೆ ಮಾತು. ಯಾವುದರಿಂದ ಹತ್ತು ನಿಮಿಷ ಬಿಡುಗಡೆ ಬೇಕಿತ್ತೋ ಅದನ್ನೇ ಕೈಯಲ್ಲಿ ಹಿಡಿದು ಕೂತಂತೆ.

ಓಡಿದ ಮನಸ್ಸನ್ನು ಕರೆತರುವ ಬಗೆ

ಓಡಿದ್ದು ತಿಳಿದ ತಕ್ಷಣ ಕೈಯಲ್ಲಿರುವ ಮಣಿಯಿಂದಲೇ ಮುಂದುವರಿಯಬೇಕು. ಮಾಲೆಯನ್ನು ಮೊದಲಿನಿಂದ ಆರಂಭಿಸುವ ಶಿಕ್ಷೆಯನ್ನು ಕೆಲವರು ತಮಗೇ ವಿಧಿಸಿಕೊಳ್ಳುತ್ತಾರೆ. ಅದರಿಂದ ಏಕಾಗ್ರತೆ ಬರುವ ಬದಲು ಜಪದ ಮೇಲೆ ಭಯ ಬರುತ್ತದೆ. ‘ಮತ್ತೆ ಓಡಿತಲ್ಲ’ ಎಂಬ ಪೇಚಾಟವೂ ಇನ್ನೊಂದು ಯೋಚನೆಯೇ. ಯಾಕೆ ಓಡಿತು, ಎಲ್ಲಿಗೆ ಓಡಿತು ಎಂಬ ವಿಚಾರಣೆ ಬೇಡ.

ಮತ್ತೆ ಮತ್ತೆ ಓಡುತ್ತಿದ್ದರೆ ಜಪವನ್ನು ಒಂದು ಮೆಟ್ಟಿಲು ಕೆಳಗಿಳಿಸುವುದು ಮೊದಲ ಉಪಾಯ. ಮಾನಸದಲ್ಲಿದ್ದರೆ ಉಪಾಂಶುವಿಗೆ, ಅಲ್ಲೂ ಆಗದಿದ್ದರೆ ವಾಚಿಕಕ್ಕೆ. ನಾಲಿಗೆ, ತುಟಿ, ಕಿವಿ ಮೂರೂ ಸೇರಿದಾಗ ಒಳಮಾತಿಗೆ ಜಾಗ ಇನ್ನೂ ಕಿರಿದಾಗುತ್ತದೆ. ಗಟ್ಟಿಯಾಗಿ ಹೇಳುವ ಸೌಕರ್ಯ ಇಲ್ಲದ ಮನೆಯಲ್ಲಿ ಹೇಳುವುದಕ್ಕಿಂತ ಕೇಳುವುದಕ್ಕೆ ಗಮನ ಕೊಡಬಹುದು: ತನ್ನದೇ ಪಿಸುದನಿಯ ಮೊದಲ ಅಕ್ಷರ ಎಲ್ಲಿ ಹುಟ್ಟುತ್ತದೆ, ಕೊನೆಯ ಅಕ್ಷರ ಎಲ್ಲಿ ಮುಗಿಯುತ್ತದೆ ಎಂದು ಆಲಿಸುವುದು. ಉಸಿರು ಬಿಡುವಾಗ ಮಾತ್ರ ಮಂತ್ರ, ಎಳೆದುಕೊಳ್ಳುವಾಗ ಮೌನ ಎಂದು ಇಟ್ಟುಕೊಂಡರೂ ವೇಗ ತಾನಾಗಿ ಇಳಿಯುತ್ತದೆ.

ಕೆಲವು ತಿಂಗಳಾದ ಮೇಲೆ ಬೇರೆಯೇ ತೊಡಕು ಬರುತ್ತದೆ. ನಾಲಿಗೆಗೆ ಮಂತ್ರ ಎಷ್ಟು ರೂಢಿಯಾಗುತ್ತದೆಂದರೆ ಅದು ಯಾರ ನೆರವೂ ಇಲ್ಲದೆ ನಡೆಯುತ್ತದೆ, ಮನಸ್ಸು ಪಕ್ಕದಲ್ಲೇ ತನ್ನ ವ್ಯಾಪಾರ ಇಟ್ಟುಕೊಳ್ಳುತ್ತದೆ. ಪತಂಜಲಿ ಜಪದ ಜೊತೆ ಅರ್ಥಭಾವನೆಯನ್ನು ಇಟ್ಟದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಅರ್ಥಭಾವನೆಯೆಂದರೆ ವ್ಯಾಖ್ಯಾನ ನೆನೆಯುತ್ತ ಕೂರುವುದಲ್ಲ, ಕರೆಯುತ್ತಿರುವುದು ಯಾರನ್ನು ಎಂಬ ಎಚ್ಚರ. ಕೆಲವರಿಗೆ ರೂಪ ನೆರವಾಗುತ್ತದೆ, ಕೆಲವರಿಗೆ ಒಂದು ಗುಣ. ಲಿಂಗಾಯತ ಸಂಪ್ರದಾಯದಲ್ಲಿ ಎಡ ಅಂಗೈಯ ಮೇಲೆ ಇಷ್ಟಲಿಂಗವನ್ನಿಟ್ಟು ದೃಷ್ಟಿಯನ್ನು ಅದರಲ್ಲೇ ನೆಟ್ಟು ಷಡಕ್ಷರಿ ಜಪಿಸುವ ಕ್ರಮ ಕಣ್ಣಿಗೂ ಕೆಲಸ ಕೊಡುತ್ತದೆ. ಕಣ್ಣು ಮುಚ್ಚಿದರೆ ನಿದ್ದೆ, ತೆರೆದರೆ ಗೋಡೆಯ ಕ್ಯಾಲೆಂಡರು ಎನ್ನುವವರು ಇದರಿಂದ ಕಲಿಯಬೇಕಾದದ್ದಿದೆ. ಅಂಥವರಿಗೆ ದೀಪದ ಕುಡಿಯೂ ಆದೀತು.

ನಿದ್ದೆ ಬಂದರೆ ಎದ್ದು ನಿಲ್ಲಬೇಕು, ಇಲ್ಲವೇ ಅಂಗಳದಲ್ಲಿ ನಿಧಾನಕ್ಕೆ ನಡೆಯುತ್ತ ಜಪ ಮುಗಿಸಬೇಕು. ವಾರಗಟ್ಟಲೆ ನಿದ್ದೆಯೇ ಬರುತ್ತಿದ್ದರೆ ದೇಹಕ್ಕೆ ರಾತ್ರಿಯ ನಿದ್ದೆ ಸಾಲದಾಗಿದೆ ಎಂದರ್ಥ, ಅದಕ್ಕೆ ಮದ್ದು ಜಪದಲ್ಲಿಲ್ಲ. ಮರೆತುಹೋದ ತುರ್ತು ಕೆಲಸ ನೆನಪಾದರೆ ಪಕ್ಕದಲ್ಲಿಟ್ಟ ಚೀಟಿಯ ಮೇಲೆ ಒಂದು ಪದ ಗೀಚಿ ಮುಂದುವರಿಯಬಹುದು. ಮನಸ್ಸು ಅದನ್ನೇ ಸುತ್ತುವುದು ಮರೆತೀತೆಂಬ ಹೆದರಿಕೆಯಿಂದ. ಜಗಳ, ಸಾವು, ಸಾಲದಂಥ ದೊಡ್ಡ ಸಂಗತಿ ಕಾಡುತ್ತಿರುವ ದಿನ ಈ ಉಪಾಯಗಳು ಸಾಲುವುದಿಲ್ಲ. ಆ ದಿನ 27 ಸಲ ಹೇಳಿ ಎದ್ದರೂ ನಷ್ಟವಿಲ್ಲ.

ಹಗಲಿನ ಗದ್ದಲದಲ್ಲಿ

ಬೆಳಗಿನ ಹತ್ತು ನಿಮಿಷದ ನೆಮ್ಮದಿ ಹತ್ತು ಗಂಟೆಯ ಹೊತ್ತಿಗೆ ಆವಿಯಾಗುತ್ತದೆ ಎಂಬ ದೂರು ಸಾಮಾನ್ಯ. ಕೂತ ಜಪವನ್ನು ದಿನದೊಳಕ್ಕೆ ಎಳೆದು ತರುವ ಸಣ್ಣ ಕೊಂಡಿಗಳು ಬೇಕು. ಫೋನ್ ಎತ್ತುವ ಮುನ್ನ ಒಂದು ನಾಮ, ಕಂಪ್ಯೂಟರ್ ತೆರೆದುಕೊಳ್ಳುವಾಗ ಮೂರು, ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಹತ್ತು, ಕೋಪದ ಉತ್ತರ ಟೈಪ್ ಮಾಡಿ ಕಳಿಸುವ ಗುಂಡಿ ಒತ್ತುವ ಮುನ್ನ ಇನ್ನೊಂದಿಷ್ಟು. ಎಲ್ಲ ಕೊಂಡಿಗಳನ್ನೂ ಒಂದೇ ದಿನ ಹಾಕಿಕೊಳ್ಳುವುದು ಬೇಡ, ಒಂದನ್ನು ಗಟ್ಟಿಮಾಡಿ ಆಮೇಲೆ ಇನ್ನೊಂದು. ನೆಲ ಒರೆಸುವಾಗ, ರೊಟ್ಟಿ ತಟ್ಟುವಾಗ, ಸೊಪ್ಪು ಬಿಡಿಸುವಾಗ ಕೈಗೆ ಲಯ ಇರುತ್ತದೆ, ಬಾಯಿ ಖಾಲಿ ಇರುತ್ತದೆ. ಹಿಂದಿನ ತಲೆಮಾರಿನ ಹೆಂಗಸರ ನಾಮಸ್ಮರಣೆ ಬಹುಪಾಲು ನಡೆದದ್ದು ಅಲ್ಲೇ. ವಾಹನ ಓಡಿಸುವಾಗ ಮಾತ್ರ ಗಮನ ರಸ್ತೆಗೆ ಸೇರಿದ್ದು, ಮಾಲೆಯಂತೂ ಕೂಡದು.

ಕೂತು ಜಪಿಸಲು ಆಗದವರಿಗೆ ಲಿಖಿತ ಜಪ ಒಗ್ಗುತ್ತದೆ. ಬರೆಯುವಾಗ ಕೈ, ಕಣ್ಣು ಎರಡೂ ಸೇರುವುದರಿಂದ ವೇಗಕ್ಕೆ ತಾನಾಗಿ ಕಡಿವಾಣ ಬೀಳುತ್ತದೆ. ನಿವೃತ್ತರಲ್ಲಿ ರಾಮಕೋಟಿ ಬರೆಯುವ ರೂಢಿ ಇದೆ. ದಿನಕ್ಕೆ ಮುನ್ನೂರರಂತೆ ಬರೆದರೆ ಕೋಟಿ ಮುಟ್ಟಲು ತೊಂಬತ್ತೊಂದು ವರ್ಷ ಬೇಕು ಎಂಬ ಲೆಕ್ಕ ತಿಳಿದಿದ್ದರೆ ಪುಸ್ತಕ ತುಂಬಿಸುವ ಆತುರ ತಗ್ಗೀತು. ಮನೆಯವರೆಲ್ಲ ಹಂಚಿಕೊಂಡು ಬರೆಯುವ ಪದ್ಧತಿ ಬಂದದ್ದೂ ಬಹುಶಃ ಹೀಗೇ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಇವುಗಳಲ್ಲಿ ಮೊದಲನೆಯದು ಸಂಖ್ಯೆಯ ಮೋಹ. ಮಾಲೆಯ 108ರಲ್ಲಿ 100ನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಉಳಿದ ಎಂಟನ್ನು ತಪ್ಪಿಹೋದವುಗಳ ಬಾಬತ್ತಿಗೆ ಬಿಡುವ ಹಳೆಯ ಪದ್ಧತಿ ಇದೆ. ಜಪದಲ್ಲಿ ಲೋಪವಾಗಿಯೇ ಆಗುತ್ತದೆ ಎಂದು ಹಿರಿಯರು ಒಪ್ಪಿಕೊಂಡದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಐದು ಮಾಲೆಯ ನಿಯಮ ಹಿಡಿದು ಕಚೇರಿಗೆ ತಡವಾಯಿತೆಂದು ಅಕ್ಷರ ನುಂಗುತ್ತ ಮುಗಿಸುವುದಕ್ಕಿಂತ ಒಂದೇ ಮಾಲೆ ಸ್ಪಷ್ಟವಾಗಿ ಆಗುವುದು ಮೇಲು.

ಎರಡನೆಯದು ಮಂತ್ರ ಬದಲಿಸುವ ಚಾಳಿ. ಈ ವಾರ ಒಂದು ವಿಡಿಯೋ ನೋಡಿ ಒಂದು ಮಂತ್ರ, ಮುಂದಿನ ವಾರ ಇನ್ನೊಂದು. ನಾಲಿಗೆಗೆ ಹತ್ತುವ ಮುನ್ನವೇ ಬಿಟ್ಟ ಮಂತ್ರ ಮನಸ್ಸಿಗೆ ಇಳಿಯುವುದು ಹೇಗೆ?

ಹಾಡುಗಾರರ ಧ್ವನಿಮುದ್ರಿಕೆಯಲ್ಲಿ 108 ಸಲ ಮಂತ್ರ ಬರುತ್ತಿದ್ದರೆ ಅದು ಕೇಳ್ಮೆ, ಜಪ ಅಲ್ಲ. ಕೇಳುವುದರಲ್ಲಿ ತಪ್ಪಿಲ್ಲ; ತನ್ನ ನಾಲಿಗೆಗೆ ಮಾತ್ರ ಅದರಿಂದ ಕೆಲಸ ಸಿಗದು. ಅನುಭವಗಳನ್ನು ಕಾಯುವುದು ಇನ್ನೊಂದು ತಪ್ಪು. ಬೆಳಕು ಕಂಡಿತೇ, ನಾದ ಕೇಳಿತೇ ಎಂದು ನೋಡುತ್ತ ಕೂತರೆ ಆ ನೋಟವೇ ಅಡ್ಡಿ. ಫಲವನ್ನು ಅಳೆಯಲೇಬೇಕೆಂದರೆ ಕೂತಿದ್ದ ಹೊತ್ತಿನಲ್ಲಿ ಅಳೆಯಬಾರದು. ಸಿಡುಕಿನ ಮಾತು ಬಾಯಿಗೆ ಬರುವ ಮುನ್ನ ಒಂದು ಕ್ಷಣ ಸಿಗುತ್ತಿದೆಯೇ, ಮನೆಯವರಿಗೆ ಆ ವ್ಯತ್ಯಾಸ ಕಾಣುತ್ತಿದೆಯೇ ಎಂದು ಮೂರು ತಿಂಗಳ ನಂತರ ನೋಡಿಕೊಳ್ಳಬಹುದು. ಜಪಕ್ಕೆ ಕೂತಾಗ ಮಕ್ಕಳು ಸದ್ದು ಮಾಡಿದರೆಂದು ಗದರಿಸುವವರೂ ಇದ್ದಾರೆ, ಅವರ ಮಟ್ಟಿಗೆ ಈ ಪರೀಕ್ಷೆಯ ಫಲಿತಾಂಶ ಆಗಲೇ ಬಂದಿದೆ.

ಎಚ್ಚರಿಕೆ

ಖಿನ್ನತೆ, ತೀವ್ರ ಆತಂಕ, ಇಲ್ಲದ ದನಿಗಳು ಕೇಳಿಸುವಂಥ ತೊಂದರೆಗೆ ಚಿಕಿತ್ಸೆ ಪಡೆಯುತ್ತಿರುವವರು ಜಪ ಆರಂಭಿಸಿದೆವೆಂದು ಔಷಧ ನಿಲ್ಲಿಸಬಾರದು. ದೀರ್ಘ ಹೊತ್ತಿನ ಮಾನಸ ಜಪ ಅಥವಾ ಒಂಟಿಯಾಗಿ ದಿನಗಟ್ಟಲೆ ಮೌನ ಹಿಡಿಯುವುದು ಅಂಥವರಿಗೆ ತೊಂದರೆ ಹೆಚ್ಚಿಸಬಹುದು. ವೈದ್ಯರಿಗೆ ತಿಳಿಸಿ ಕಿರಿದಾಗಿ, ಗಟ್ಟಿ ದನಿಯಲ್ಲಿ ಮಾಡುವುದು ಸುರಕ್ಷಿತ. ಜಪದ ಸಂಖ್ಯೆ ತಪ್ಪಿದರೆ ಏನೋ ಕೆಡುಕಾಗುತ್ತದೆ ಎಂಬ ಭಯ ಬಿಡದೆ ಕಾಡಿ, ಮತ್ತೆ ಮತ್ತೆ ಮೊದಲಿನಿಂದ ಎಣಿಸುವಂತಾದರೆ ಅದನ್ನು ಭಕ್ತಿಯೆಂದು ಭಾವಿಸದೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಸಮನ್ವಯ ಕೇಂದ್ರ.

ಮಧುಮೇಹಿಗಳು ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಉಪವಾಸದಲ್ಲಿ ದೀರ್ಘ ಜಪಕ್ಕೆ ಕೂರಬಾರದು, ಸಕ್ಕರೆ ಮಟ್ಟ ಕುಸಿಯುವ ಅಪಾಯವಿದೆ. ಹೊತ್ತು ಕೂತು ಕಾಲು ಜೋಮು ಹಿಡಿದಿದ್ದರೆ ಥಟ್ಟನೆ ಏಳದೆ ಚಾಚಿ ತಿಕ್ಕಿಕೊಂಡು ಏಳಬೇಕು. ವಯಸ್ಸಾದವರು ಬೀಳುವುದು ಇಂಥ ಹೊತ್ತಿನಲ್ಲೇ. ಮಂತ್ರ ಕೊಡುತ್ತೇವೆಂದು ದೊಡ್ಡ ಮೊತ್ತ ಕೇಳುವವರಿಂದ, ಬಿಟ್ಟರೆ ಶಾಪ ತಟ್ಟುತ್ತದೆಂದು ಹೆದರಿಸುವವರಿಂದ ದೂರವಿರುವುದು ಲೇಸು.

ನಡುವೆ ತಪ್ಪಿದರೆ, ಮುಂದೆ ಹೆಚ್ಚಿಸುವುದಾದರೆ

ಊರಿಗೆ ಹೋದಾಗ, ಜ್ವರ ಬಂದಾಗ, ಮದುವೆ ಮನೆಯಲ್ಲಿ ನಿಯಮ ತಪ್ಪುತ್ತದೆ. ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಹಾನಿಯಾಗದು ಎಂಬುದು ಮೇಲೆ ಹೇಳಿದ ಲಂಡನ್ ಅಧ್ಯಯನದಲ್ಲೂ ಕಂಡಿತ್ತು. ತಪ್ಪಿದ ಮಾಲೆಗಳನ್ನು ಮಾರನೆಯ ದಿನ ಬಡ್ಡಿಸಹಿತ ತೀರಿಸಲು ಹೋಗಬಾರದು, ಎಂದಿನ ಒಂದು ಮಾಲೆಯಿಂದಲೇ ಮುಂದುವರಿಯಬೇಕು. ಪ್ರಯಾಣದಲ್ಲಿ ಕರಮಾಲೆಯ ಮೇಲೆ ಹತ್ತು ಸಲ ಹೇಳಿಕೊಂಡರೂ ಕೊಂಡಿ ಕಳಚುವುದಿಲ್ಲ.

ಸೂತಕ, ಮುಟ್ಟಿನ ದಿನಗಳ ಪ್ರಶ್ನೆಗೆ ಮನೆಮನೆಯ ಉತ್ತರ ಬೇರೆ. ವೈದಿಕ ಮಂತ್ರಗಳಿಗೆ ಕೆಲವು ಮನೆಗಳಲ್ಲಿ ನಿರ್ಬಂಧ ಇದೆ. ನಾಮಸ್ಮರಣೆಗೆ ಕಾಲ ದೇಶದ ಕಟ್ಟಿಲ್ಲ ಎಂಬುದು ಭಕ್ತಿಪಂಥದ ನಿಲುವು. ಶರಣರ ಪರಂಪರೆಯಂತೂ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನೇ ಅಲ್ಲಗಳೆದಿದೆ. ಇಷ್ಟಲಿಂಗ ಪೂಜೆಗೆ ಯಾವ ದಿನವೂ ಬಿಡುವಿಲ್ಲ. ಮಾಲೆ ಮುಟ್ಟಲು ಮನಸ್ಸು ಅಳುಕುವವರಿಗೆ ಮಾನಸ ಜಪ ಎಂದಿಗೂ ತೆರೆದಿದೆ.

ಒಂದು ಮಾಲೆ ಒಂದು ಮಂಡಲ ಪೂರ್ತಿ ಹೆಚ್ಚು ತಪ್ಪದೆ ನಡೆದು, ಮುಗಿದಾಗ ‘ಇನ್ನೂ ಸ್ವಲ್ಪ ಕೂರಬಹುದಿತ್ತು’ ಅನ್ನಿಸತೊಡಗಿದರೆ ಎರಡಕ್ಕೆ ಹೋಗಬಹುದು. ‘ಸದ್ಯ ಮುಗಿಯಿತಲ್ಲ’ ಅನ್ನಿಸುತ್ತಿದ್ದರೆ ಅದೇ ಒಂದು ಮಾಲೆಯನ್ನು ಇನ್ನೂ ನಿಧಾನ ಮಾಡಬೇಕು. ಹೆಚ್ಚಿಸಿದ ಮೇಲೆ ಹಳೆಯ ಸಂಖ್ಯೆಗೆ ಇಳಿಯಬೇಕಾಗಿ ಬಂದರೆ ಸಂಕೋಚಪಡದೆ ಇಳಿಯುವುದು; ಪರೀಕ್ಷೆಯ ತಿಂಗಳು, ಸುಗ್ಗಿಯ ತಿಂಗಳು, ಮನೆಯಲ್ಲಿ ಹಸುಗೂಸಿರುವ ವರ್ಷ ಒಂದೇ ಮಾಲೆಗೆ ನಿಲ್ಲುವುದು ಸರಿಯಾದ ಲೆಕ್ಕವೇ.